ಬಾಳೆಗೆ ಒಂದೂವರೆ ವರ್ಷ, ಚಾನೆಲ್ಲಿಗೆ ಎಷ್ಟು?

ಕಲಬುರಗಿಯ ಕೇಂದ್ರ ಬಸ್ ನಿಲ್ದಾಣದಿಂದ ಹುಮನಾಬಾದಿನ ಕಡೆಗೆ ಹೊರಡುವ ಬಸ್ಸುಗಳಲ್ಲಿ ಸಂಜೆಯ ಹೊತ್ತು ಕಾಲೂರಲು ಜಾಗ ಸಿಕ್ಕರೆ ಪುಣ್ಯ. ಕಾಲೇಜು ಬಿಟ್ಟು ಊರಿಗೆ ಮರಳುವ ಹುಡುಗರು, ‘ಶಕ್ತಿ’ ಯೋಜನೆಯ ಉಚಿತ ಟಿಕೆಟ್ ಹಿಡಿದ ಹುಡುಗಿಯರು, ಆಸ್ಪತ್ರೆಗೆ ಬಂದು ಹೋಗುವ ಮುದುಕರು, ಸಂತೆಯ ಚೀಲಗಳು. ನಗರದ ಗದ್ದಲ ಹಿಂದೆ ಸರಿಯುತ್ತಿದ್ದಂತೆ ರಸ್ತೆಯ ಎರಡೂ ಬದಿಗೆ ತೊಗರಿ, ಜೋಳದ ಹೊಲಗಳು ಹರಡಿಕೊಳ್ಳುತ್ತವೆ. ಕುರಿಕೋಟಾ, ಮಹಾಗಾಂವ ಕ್ರಾಸ್ ದಾಟಿ ಸುಮಾರು 35 ಕಿಲೋಮೀಟರ್ ಸಾಗಿದರೆ ಕಮಲಾಪುರ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಈಗ ತಾಲ್ಲೂಕು ಕೇಂದ್ರ. 2017ರ ಅಕ್ಟೋಬರ್ 29ರಂದು ಬೀದರ್–ಕಲಬುರಗಿ ರೈಲುಮಾರ್ಗ ಉದ್ಘಾಟನೆಯಾದ ಮೇಲೆ ಇಲ್ಲಿಗೆ ರೈಲಿನ ಸದ್ದೂ ಕೇಳುತ್ತಿದೆ.

ಒಂದು ಕಾಲಕ್ಕೆ ಇಂಥ ಬಸ್ಸುಗಳಲ್ಲಿ ರೇಡಿಯೊ ಕಿವಿಗೆ ಹಿಡಿದು ಕ್ರಿಕೆಟ್ ಕಾಮೆಂಟರಿ ಕೇಳುವವರಿದ್ದರು. ಈಗ ಕಾಮೆಂಟರಿ ಕೇಳುವುದಷ್ಟೇ ಅಲ್ಲ, ಹೇಳುವವರೂ ಬಸ್ಸಿನಲ್ಲೇ ಇರಬಹುದು. ಮೊಬೈಲಿನಲ್ಲಿ ಆಟ ಆಡುತ್ತ, ಆ ಆಟವನ್ನೇ ರೆಕಾರ್ಡ್ ಮಾಡಿ, ಮೇಲೆ ತನ್ನ ಮಾತು ಸೇರಿಸಿ ಯೂಟ್ಯೂಬಿಗೆ ಏರಿಸುವುದು. ನೋಡುವವರನ್ನು ಒಬ್ಬೊಬ್ಬರಾಗಿ ಗಳಿಸುವುದು. ಇದಕ್ಕೆ ಗೇಮಿಂಗ್ ಚಾನೆಲ್ ಎಂದು ಹೆಸರು. ಬಂಡವಾಳವಾಗಿ ಕೈಯಲ್ಲಿರುವ ಮೊಬೈಲು ಸಾಕೆಂದು ತೋರುವ ಕಾರಣ ಹೈಸ್ಕೂಲು, ಪಿಯುಸಿ ಓದುವ ಎಷ್ಟೋ ಹುಡುಗರಿಗೆ ಇದರ ಕನಸು.

ಮನೆಯಲ್ಲಿ ಮಾತ್ರ ಇದು ಜಗಳದ ವಿಷಯ. ‘ದಿನಾ ಮೊಬೈಲ್ ಹಿಡಕೊಂಡು ಏನ್ ಮಾಡ್ಲತ್ತಿ?’ ಎಂದು ಅವ್ವ ಕೇಳಿದರೆ ‘ಚಾನೆಲ್ ಬೆಳಸ್ಲತ್ತೀನವ್ವ’ ಎಂಬ ಉತ್ತರ. ಹೊಲದಲ್ಲಿ ಬೆಳೆ ಬೆಳೆಸುವುದು ಗೊತ್ತು, ಮಕ್ಕಳನ್ನು ಬೆಳೆಸುವುದು ಗೊತ್ತು, ಚಾನೆಲ್ ಬೆಳೆಸುವುದೆಂದರೇನು? ಈ ಪ್ರಶ್ನೆಗೆ ಉತ್ತರ ಹುಡುಕಲು ಕಲಬುರಗಿಯಿಂದ ಕಮಲಾಪುರದವರೆಗಿನ ಹಾದಿಗಿಂತ ದೂರ ಹೋಗಬೇಕಾಗಿಲ್ಲ.

ಕೋಟೆಯ ಊರಲ್ಲಿ ಮೊಬೈಲಿನ ಯುದ್ಧ

ಯುದ್ಧ ಎಂಬುದು ಕಲಬುರಗಿಗೆ ಹೊಸದಲ್ಲ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ದಿಲ್ಲಿಯ ಹಿಡಿತದಿಂದ ಬಿಡಿಸಿಕೊಂಡ ಹೊಸ ರಾಜ್ಯಕ್ಕೆ ಈ ಊರನ್ನೇ ರಾಜಧಾನಿ ಮಾಡಿಕೊಂಡ. ಕೋಟೆಯ ಸುತ್ತ ಕಂದಕ, ದಪ್ಪ ಗೋಡೆ, ಬುರುಜುಗಳ ಮೇಲೆ ತೋಪು. ಒಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿ. ತೆರೆದ ಅಂಗಳವಿಲ್ಲದೆ ಇಡೀ ಕಟ್ಟಡಕ್ಕೆ ಛಾವಣಿ ಹೊದಿಸಿರುವ ಈ ಮಸೀದಿ ನೋಡಲು ದೂರದೂರದಿಂದ ಜನ ಬರುತ್ತಾರೆ. ಊರಿನ ಹುಡುಗರು ಮಾತ್ರ ಅದೇ ಹೊತ್ತಿನಲ್ಲಿ ಬೇರೊಂದು ಕೋಟೆ ಕಾಯುತ್ತಿರುತ್ತಾರೆ. ಆ ಕೋಟೆ ಇರುವುದು ಅಂಗೈಯಗಲದ ಪರದೆಯ ಮೇಲೆ.

ಈ ಯುದ್ಧಕ್ಕೂ ಒಂದು ಚರಿತ್ರೆ ಇದೆ. 2016ರ ಸೆಪ್ಟೆಂಬರ್ 5ರಂದು ಜಿಯೊ ಸೇವೆ ಆರಂಭವಾದ ಮೇಲೆ ಇಂಟರ್‌ನೆಟ್ ಡೇಟಾ ನೀರಿನಂತೆ ಅಗ್ಗವಾಯಿತು. ಅಲ್ಲಿಯವರೆಗೆ ಗಂಟೆಗಿಷ್ಟು ಎಂದು ಕೊಟ್ಟು ಸೈಬರ್ ಕೆಫೆಯಲ್ಲಿ ಆಡುತ್ತಿದ್ದ ಆಟ ಕಿಸೆಗೆ ಬಂತು. 2018ರಲ್ಲಿ ಬಂದ ಪಬ್ಜಿ ಮೊಬೈಲ್ ಆಟ ನಗರ, ಹಳ್ಳಿ ಎಂಬ ಭೇದವಿಲ್ಲದೆ ಹಬ್ಬಿತು. ನೂರು ಜನ ಒಂದು ನಡುಗಡ್ಡೆಗೆ ಇಳಿಯುತ್ತಾರೆ. ಕೊನೆಯವರೆಗೆ ಉಳಿದವನು ಗೆದ್ದಂತೆ. ಆಡುವುದರಷ್ಟೇ ಖುಷಿ ಚೆನ್ನಾಗಿ ಆಡುವವರನ್ನು ನೋಡುವುದರಲ್ಲೂ ಇದೆ ಎಂಬುದು ಬಹುಬೇಗ ಗೊತ್ತಾಯಿತು. ಕುಸ್ತಿ ಆಡುವವರು ಇಬ್ಬರಾದರೆ ನೋಡುವವರು ಇನ್ನೂರು ಮಂದಿ ಇರುವುದಿಲ್ಲವೇ? ಗೇಮಿಂಗ್ ಚಾನೆಲ್ಲುಗಳು ಹುಟ್ಟಿದ್ದು ಈ ನೋಡುವವರಿಗಾಗಿ.

ಸಾವಿರ ಮಂದಿ, ನಾಲ್ಕು ಸಾವಿರ ಗಂಟೆ

ಕಮಲಾಪುರದಲ್ಲಿ ಮನೆ, ಕಲಬುರಗಿಯಲ್ಲಿ ಪಿಯು ಕಾಲೇಜು, ಕೈಯಲ್ಲಿ ಬಸ್ ಪಾಸು ಇರುವ ಒಬ್ಬ ಹುಡುಗ ಚಾನೆಲ್ ತೆರೆದನೆಂದು ಭಾವಿಸೋಣ. ತೆರೆಯಲು ಕಾಸು ಬೇಡ, ಕಾಗದ ಬೇಡ. ಮೊದಲ ವಿಡಿಯೊಗೆ ಗೆಳೆಯರ ಬಳಗ, ದೊಡ್ಡಪ್ಪ-ಕಾಕಾನ ಮಕ್ಕಳು ಸೇರಿ ನೂರು ಮಂದಿ ನೋಡಬಹುದು. ಎರಡನೆಯದಕ್ಕೆ ಅರವತ್ತು. ಹತ್ತನೆಯದಕ್ಕೆ ಹನ್ನೆರಡು. ನೆಂಟರ ಉತ್ಸಾಹ ಮುಗಿದು, ಅಪರಿಚಿತರ ವಿಶ್ವಾಸ ಇನ್ನೂ ಹುಟ್ಟದ ಈ ನಡುಗಾಲದಲ್ಲೇ ಬಹಳಷ್ಟು ಚಾನೆಲ್ಲುಗಳು ಸೊರಗಿ ನಿಲ್ಲುತ್ತವೆ.

ಯೂಟ್ಯೂಬಿನಲ್ಲಿ ಜಾಹೀರಾತಿನ ಹಣ ಬರಬೇಕಾದರೆ 2018ರಿಂದ ಒಂದು ಕಟ್ಟಳೆ ಇದೆ. ಕನಿಷ್ಠ 1,000 ಚಂದಾದಾರರು ಇರಬೇಕು. ಹಿಂದಿನ 12 ತಿಂಗಳಲ್ಲಿ ಜನರು ಒಟ್ಟು 4,000 ಗಂಟೆ ಆ ಚಾನೆಲ್ಲಿನ ವಿಡಿಯೊ ನೋಡಿರಬೇಕು. ಇದಕ್ಕೆ ಮೊದಲು ಸಣ್ಣ ಚಾನೆಲ್ಲುಗಳಿಗೆ ಹಾದಿ ಇಷ್ಟು ಕಡಿದಾಗಿರಲಿಲ್ಲ.

ಲೆಕ್ಕ ಹಾಕಿ ನೋಡಿ. 4,000 ಗಂಟೆ ಎಂದರೆ 2,40,000 ನಿಮಿಷ. ಹತ್ತು ನಿಮಿಷದ ವಿಡಿಯೊವನ್ನು ಒಬ್ಬೊಬ್ಬರು ಸರಾಸರಿ ನಾಲ್ಕು ನಿಮಿಷ ನೋಡುತ್ತಾರೆಂದು ಇಟ್ಟುಕೊಂಡರೂ ವರ್ಷಕ್ಕೆ 60,000 ನೋಟ ಬೇಕು. ವಾರಕ್ಕೆ ಎರಡರಂತೆ ವರ್ಷಕ್ಕೆ 104 ವಿಡಿಯೊ ಮಾಡಿದರೆ ಪ್ರತಿಯೊಂದಕ್ಕೂ ಸುಮಾರು 577 ಮಂದಿ ಬರಬೇಕು. 50 ಸೀಟಿನ ಬಸ್ಸುಗಳ ಲೆಕ್ಕದಲ್ಲಿ ಹನ್ನೆರಡು ಬಸ್ಸು ತುಂಬುವ ಜನ! ಅದೂ ಪ್ರತಿ ಮೂರೂವರೆ ದಿನಕ್ಕೊಮ್ಮೆ.

ಇಷ್ಟು ಜನರನ್ನು ತರುವುದು ಕಷ್ಟವೆಂದು ಹುಡುಗರು ‘ಲೈವ್’ ಕಡೆಗೆ ಹೊರಳುತ್ತಾರೆ. ಆಟವನ್ನು ಆಡುತ್ತಿರುವಾಗಲೇ ತೋರಿಸಿ, ನೋಡುವವರೊಡನೆ ಮಾತನಾಡುವುದೇ ಲೈವ್. ಎರಡು ಗಂಟೆಯ ಒಂದು ಲೈವ್‌ನಲ್ಲಿ ಮೂವತ್ತು ಮಂದಿ ಕೊನೆಯವರೆಗೂ ಕುಳಿತರೆ ಒಮ್ಮೆಗೇ 60 ಗಂಟೆ ಜಮೆಯಾಗುತ್ತದೆ. ಅಂಥ 67 ಲೈವ್ ಮಾಡಿದರೆ ನಾಲ್ಕು ಸಾವಿರ ಗಂಟೆ ತುಂಬಿತು. ಲೆಕ್ಕ ಚೆಂದವಾಗಿದೆ. ಆದರೆ ನೋಡುಗರು ಬಿಡುವಾಗುವುದು ರಾತ್ರಿ ಒಂಬತ್ತರ ಮೇಲೆ. ಓದುವ ಹುಡುಗನ ಪುಸ್ತಕ ತೆರೆದಿರಬೇಕಾದ ಹೊತ್ತೂ ಅದೇ. ಚಾನೆಲ್ಲಿನ ನಿಜವಾದ ಬಂಡವಾಳ ಮೊಬೈಲಲ್ಲ, ಈ ಹೊತ್ತು ಎಂಬುದು ಇಲ್ಲಿ ತಿಳಿಯುತ್ತದೆ.

ಇನ್ನೊಂದು ಅಡ್ಡದಾರಿ ಇದೆ. ‘ನಾ ನಿನ್ನ ಚಾನೆಲ್ಲಿಗೆ ಸೇರ್ತೀನಿ, ನೀ ನನ್ನದಕ್ಕ ಸೇರು’ ಎಂಬ ಒಪ್ಪಂದ. ಯೂಟ್ಯೂಬಿನ ನಿಯಮ ಇದನ್ನು ಒಪ್ಪುವುದಿಲ್ಲ. ನಿಯಮದ ಮಾತು ಅತ್ತ ಇರಲಿ, ಹೀಗೆ ಬಂದ ಸಾವಿರ ಮಂದಿಯಲ್ಲಿ ವಿಡಿಯೊ ನೋಡುವವರು ಹತ್ತೂ ಇರುವುದಿಲ್ಲ. ಊಟದ ಪಂಕ್ತಿಯಲ್ಲಿ ಎಲೆ ಹಾಸಿದೆ, ಕುಳಿತವರಿಲ್ಲ. ಅರ್ಧ ನಿಮಿಷದ ‘ಶಾರ್ಟ್ಸ್’ ಮಾಡಿ ಒಂದೇ ರಾತ್ರಿಯಲ್ಲಿ ಹತ್ತು ಸಾವಿರ ನೋಟ ಕಂಡು ಹಿಗ್ಗುವವರೂ ಉಂಟು. ಆದರೆ ಶಾರ್ಟ್ಸ್ ಸಾಲಿನಲ್ಲಿ ಬೆರಳು ಸರಿಸುತ್ತ ನೋಡಿದ ಹೊತ್ತು ಆ 4,000 ಗಂಟೆಯ ಲೆಕ್ಕಕ್ಕೆ ಸೇರುವುದಿಲ್ಲ. ಆ ದಾರಿಯಲ್ಲೇ ಹಣ ಬೇಕೆಂದರೆ 90 ದಿನಗಳಲ್ಲಿ 1 ಕೋಟಿ ನೋಟ ಬೇಕು.

ಪರರ ಹೊಲದ ಬೆಳೆ

ಸಾವಿರ ಮಂದಿಯೂ ಬಂದರು, ಗಂಟೆಯೂ ತುಂಬಿತು ಎನ್ನಿ. ಆಗಲೂ ಈ ಬೇಸಾಯದಲ್ಲಿ ಹೊಲ ತನ್ನದಲ್ಲ. ಆಟ ಒಂದು ಕಂಪನಿಯದು, ತೋರಿಸುವ ಜಾಗ ಇನ್ನೊಂದು ಕಂಪನಿಯದು, ಎರಡರ ಮೇಲೂ ಸರ್ಕಾರದ ಅಧಿಕಾರ. ಯಾರು ಕೈ ತೆಗೆದರೂ ಬೆಳೆ ನೆಲಕ್ಕೆ.

ಕಳೆದ ಕೆಲವು ವರ್ಷಗಳ ದಿನಾಂಕಗಳೇ ಇದಕ್ಕೆ ಸಾಕ್ಷಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಪಟ್ಟಿಯಲ್ಲಿ ಪಬ್ಜಿ ಮೊಬೈಲ್ ಇತ್ತು. ಲಾಕ್‌ಡೌನ್ ಕಾಲದಲ್ಲಿ ಶಾಲೆ ಮುಚ್ಚಿ, ನೋಡುಗರು ಹೆಚ್ಚಿ, ಚಾನೆಲ್ಲುಗಳು ಬೆಳೆಯುತ್ತಿದ್ದಾಗಲೇ ಬಿದ್ದ ಪೆಟ್ಟು ಅದು. 2021ರ ಜುಲೈ 2ರಂದು ಅದೇ ಆಟದ ಭಾರತೀಯ ರೂಪ ‘ಬಿಜಿಎಂಐ’ ಬಂತು. 2022ರ ಜುಲೈ 28ರಂದು ಅದೂ ಆ್ಯಪ್ ಅಂಗಡಿಗಳಿಂದ ಮಾಯವಾಯಿತು. 2023ರ ಮೇ ತಿಂಗಳಲ್ಲಿ ಮತ್ತೆ ಮರಳಿತು. ಕಡಿಮೆ ಬೆಲೆಯ ಮೊಬೈಲಿನಲ್ಲೂ ಸರಾಗವಾಗಿ ನಡೆಯುತ್ತದೆಂದು ಹಳ್ಳಿಯ ಹುಡುಗರು ನೆಚ್ಚಿಕೊಂಡಿದ್ದ ‘ಫ್ರೀ ಫೈರ್’ 2022ರ ಫೆಬ್ರುವರಿ 14ರಂದು ನಿಷೇಧದ ಪಟ್ಟಿಗೆ ಸೇರಿತು. ಅದರ ಜೋಡಿ ಆಟ ‘ಫ್ರೀ ಫೈರ್ ಮ್ಯಾಕ್ಸ್’ ಉಳಿಯಿತು.

ಒಂದೇ ಆಟದ ಹೆಸರನ್ನು ತನ್ನ ಚಾನೆಲ್ಲಿನ ಹೆಸರಿಗೆ ಅಂಟಿಸಿಕೊಂಡವನ ಪಾಡು ಆ ದಿನ ಏನಾಗಿದ್ದೀತು? ಬೆಳಿಗ್ಗೆ ಎದ್ದರೆ ಆಡಲು ಆಟವಿಲ್ಲ, ನೋಡಲು ಬರುವವರಿಗೆ ಕಾರಣವಿಲ್ಲ. ಬೇರೆ ಆಟ ಹಾಕಿದರೆ ಹಳೆಯ ಚಂದಾದಾರರು ತಿರುಗಿಯೂ ನೋಡುವುದಿಲ್ಲ. ಅಂಥ ಹೊತ್ತಿನಲ್ಲಿ ಉಳಿದುಕೊಳ್ಳುವ ಆಸೆ ಇರುವುದು ಆಟಕ್ಕಾಗಿ ಅಲ್ಲದೆ ಆಡುವವನ ಮಾತಿಗಾಗಿ ಜನ ಬರುತ್ತಿದ್ದ ಚಾನೆಲ್ಲುಗಳಿಗೆ. ತೊಗರಿಯೊಂದನ್ನೇ ನಂಬಿದ ರೈತನಿಗೆ ಬೆಲೆ ಕುಸಿದ ವರ್ಷ ಏನಾಗುತ್ತದೆಂದು ಈ ಜಿಲ್ಲೆಯ ಮಕ್ಕಳಿಗೆ ಬೇರೆ ಹೇಳಬೇಕಿಲ್ಲ.

ಬಿಸಿಲು ಮತ್ತು ಕರೆಂಟು

ಕಲಬುರಗಿಯ ಬೇಸಿಗೆ ನಾಡಿಗೇ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 42–43 ಡಿಗ್ರಿ ಮುಟ್ಟುತ್ತದೆ. ಈ ಬಿಸಿಲಿಗಾಗಿಯೇ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೇಸಿಗೆಯಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ಪದ್ಧತಿ ಇದೆ. ಮನುಷ್ಯರ ಕಥೆಯೇ ಹೀಗಾದರೆ ಮೊಬೈಲಿನದು?

ಆಟ ಆಡುವುದು, ರೆಕಾರ್ಡ್ ಮಾಡುವುದು, ಲೈವ್ ಕಳಿಸುವುದು ಮೂರನ್ನೂ ಒಂದೇ ಮೊಬೈಲು ಮಾಡುವಾಗ ಅದು ಒಳಗಿನಿಂದಲೂ ಬಿಸಿಯಾಗುತ್ತದೆ. ಮಿತಿ ಮೀರಿದಾಗ ತನ್ನನ್ನು ತಾನು ಕಾಪಾಡಿಕೊಳ್ಳಲು ಮೊಬೈಲಿನ ಚಿಪ್ ವೇಗ ತಗ್ಗಿಸುತ್ತದೆ. ಪರದೆಯ ಬೆಳಕು ಕಡಿಮೆಯಾಗುತ್ತದೆ. ಆಟ ತಡವರಿಸುತ್ತದೆ. ನೋಡುವವನಿಗೆ ಆಟಗಾರ ದಡ್ಡನೆನಿಸುತ್ತದೆ. ಆಡುವವನಿಗೆ ಮೊಬೈಲು ಒಡೆಯಬೇಕೆನಿಸುತ್ತದೆ. ಚಾರ್ಜಿಗೆ ಹಾಕಿಕೊಂಡೇ ಆಡಿದರೆ ಬ್ಯಾಟರಿಗೆ ಇನ್ನಷ್ಟು ಹಾನಿ. ತಗಡಿನ ಮನೆಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಲೈವ್ ಮಾಡುವುದು ಬಾಣಲೆಯ ಮೇಲೆ ಕುಳಿತಂತೆ. ಬಿಸಿಲ ನಾಡಿನ ಹುಡುಗನಿಗೆ ರೆಕಾರ್ಡಿಂಗಿಗೆ ತಕ್ಕ ಹೊತ್ತೆಂದರೆ ಬೆಳಗಿನ ಜಾವ. ಹಕ್ಕಿಯ ಸದ್ದು ಬಿಟ್ಟರೆ ಮೈಕಿಗೆ ಬೇರೆ ಅಡ್ಡಿಯಿಲ್ಲ. ಓದುವ ಹೊತ್ತನ್ನು ಮಾತ್ರ ಅದರಿಂದ ಕಿತ್ತುಕೊಳ್ಳಬಾರದು.

ಮಳೆಗಾಲದ ತೊಂದರೆ ಬೇರೆ. ಗಾಳಿ ಬೀಸಿದರೆ ಕರೆಂಟು ಹೋಗುತ್ತದೆ. ಮನೆಯ ವೈಫೈ ಇದ್ದರೆ ಅದೂ ಆರುತ್ತದೆ. ಸಿಗ್ನಲ್ ಹುಡುಕಿಕೊಂಡು ಮಾಳಿಗೆ ಹತ್ತುವವರಿದ್ದಾರೆ. ನಗರದಲ್ಲಿ ಕುಳಿತವನಿಗೆ ಕಾಣದ ಈ ಅಡೆತಡೆಗಳಿಗೆ ಒಂದು ಪರಿಹಾರ ಇದೆ: ಲೈವ್‌ಗೆ ಬದಲಾಗಿ ಮೊದಲೇ ರೆಕಾರ್ಡ್ ಮಾಡಿ, ಚೊಕ್ಕಟವಾಗಿ ಎಡಿಟ್ ಮಾಡಿ, ಕಾಲೇಜಿಗೆ ಬಂದ ದಿನ ನಗರದ ಒಳ್ಳೆಯ ಸಿಗ್ನಲ್ಲಿನಲ್ಲಿ ಏರಿಸುವುದು. ಗಂಟೆಗಳು ನಿಧಾನವಾಗಿ ಕೂಡುತ್ತವೆ. ಆದರೆ ಮಾಡಿದ ವಿಡಿಯೊ ಮಾಡಿದವನ ಕೈ ಹಿಡಿಯುತ್ತದೆ.

‘ಒಳಗ ಹೋಗ್ಲತ್ತೀನಿ ನೋಡ್ರಿ’

ಈಗ ಮಾತಿನ ವಿಚಾರ. ಕಲಬುರಗಿಯ ಹುಡುಗನ ಬಾಯಲ್ಲಿ ಎಷ್ಟು ಭಾಷೆ! ಮನೆಯಲ್ಲಿ ಕಲಬುರಗಿ ಕನ್ನಡ, ಓಣಿಯಲ್ಲಿ ದಖನಿ ಉರ್ದು, ಟೀವಿಯಲ್ಲಿ ಹಿಂದಿ. ಆಚೆ ಹೋದರೆ ತೆಲುಗು, ಈಚೆ ಹೋದರೆ ಮರಾಠಿ. ಚಾನೆಲ್ ತೆರೆದವನ ಮುಂದೆ ಬರುವ ಮೊದಲ ಪ್ರಶ್ನೆಯೇ ಯಾವ ಭಾಷೆಯಲ್ಲಿ ಮಾತನಾಡುವುದು ಎಂಬುದು.

ಹಿಂದಿಯಲ್ಲಿ ಮಾತನಾಡಿದರೆ ನೋಡುವವರು ಕೋಟಿಗಟ್ಟಲೆ. ಆದರೆ ಅಂಗಡಿ ತೆರೆದವರೂ ಲಕ್ಷಗಟ್ಟಲೆ. ಒಳ್ಳೆಯ ಕ್ಯಾಮೆರಾ, ದುಬಾರಿ ಕಂಪ್ಯೂಟರ್, ಎಡಿಟಿಂಗಿಗೆ ಸಂಬಳದ ಹುಡುಗರನ್ನು ಇಟ್ಟುಕೊಂಡವರ ನಡುವೆ ಕಮಲಾಪುರದ ಮೊಬೈಲು ಎಲ್ಲಿ ಕಂಡೀತು? ಹಾಗಾದರೆ ಬೆಂಗಳೂರಿನ ಕನ್ನಡವೇ? ‘ಹೋಗ್ತಾ ಇದೀನಿ ಗೈಸ್’ ಎಂದು ಇಲ್ಲದ ನಾಲಿಗೆಯಲ್ಲಿ ಉಲಿಯತೊಡಗಿದರೆ ಅರ್ಧ ಗಂಟೆಯಲ್ಲಿ ಮಾತಿನ ಬಣ್ಣ ಹೋಗಿ ಒಳಗಿನದು ಕಾಣುತ್ತದೆ.

‘ಈಗ ನಾ ಆ ಮನಿ ಒಳಗ ಹೋಗ್ಲತ್ತೀನಿ ನೋಡ್ರಿ, ಅಂವ ಹಿಂದಿಂದ ಬರ್ಲತ್ತಾನ’ ಎಂದು ಅವ್ವನ ಮಾತಿನಲ್ಲೇ ಹೇಳಲು ಧೈರ್ಯ ಬೇಕು. ‘ಇದು ಯಾವ ಕನ್ನಡ?’ ಎಂದು ಯಾರೋ ಬರೆದು ನಕ್ಕರೆ ಹದಿನಾರರ ಹುಡುಗನಿಗೆ ನಾಟುತ್ತದೆ. ಎಷ್ಟೋ ಹುಡುಗರು ಅಲ್ಲಿಗೆ ಮಾತು ನಿಲ್ಲಿಸಿ, ಹಾಡು ಹಾಕಿ ಬರೀ ಆಟ ತೋರಿಸತೊಡಗುತ್ತಾರೆ. ಅವರಿಗೆ ಒಂದು ಮಾತು ನೆನಪಿರಲಿ. ಕನ್ನಡದ ಈಗ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥವಾದ ಕವಿರಾಜಮಾರ್ಗ 9ನೇ ಶತಮಾನದಲ್ಲಿ ಹುಟ್ಟಿದ್ದು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ ಎಂದರೆ ಇದೇ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. ಕನ್ನಡದಲ್ಲಿ ಬಗೆಬಗೆಯ ನುಡಿಗಳಿವೆ ಎಂಬ ವಿಚಾರವನ್ನು ಆ ಗ್ರಂಥವೇ ಎತ್ತುತ್ತದೆ. ಇಂಥ ನೆಲದವನು ತನ್ನ ನುಡಿಗೆ ನಾಚಬೇಕೇ?

ಇದರಲ್ಲಿ ಅಭಿಮಾನದ ಜತೆಗೆ ಲಾಭದ ಲೆಕ್ಕವೂ ಇದೆ. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು. ಕೆಲಸ ಹುಡುಕಿ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಹೋದ ಈ ಭಾಗದ ಜನ. ದಿನವಿಡೀ ದುಡಿದು ಕೋಣೆಗೆ ಬಂದವನಿಗೆ ಊರಿನ ಮಾತು ಕಿವಿಗೆ ಬಿದ್ದರೆ ಎರಡು ನಿಮಿಷ ಹೆಚ್ಚು ನಿಲ್ಲುತ್ತಾನೆ. ಸಣ್ಣ ಚಾನೆಲ್ಲಿಗೆ ಬೇಕಾದದ್ದು ಆ ಎರಡು ನಿಮಿಷವೇ.

ಕೆಂಪು ಬಾಳೆಯ ಪಾಠ

ಕಮಲಾಪುರದಲ್ಲಿ ಬಸ್ಸು ಇಳಿದು ತೋಟಗಳ ಕಡೆ ನಡೆದರೆ ಕೆಂಪು ಬಾಳೆ ಕಾಣುತ್ತದೆ. ಸಿಪ್ಪೆ ಕೆಂಪು, ತಿರುಳು ಕೆನೆಯ ಬಣ್ಣ, ರುಚಿಯಲ್ಲಿ ಗಾಢ. ಬೇರೆ ಬಾಳೆಗೆ ಹೋಲಿಸಿದರೆ ಇದು ತಾಳ್ಮೆಯ ಬೆಳೆ. ಸಸಿ ಊರಿದ ಮೇಲೆ ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಕಾಯಬೇಕು. ಅಷ್ಟು ಕಾಲ ನೀರು, ಗೊಬ್ಬರ ತಪ್ಪುವಂತಿಲ್ಲ. ಗಾಳಿಗೆ ಬಾಗಿದರೆ ಊರುಗೋಲು ಕೊಡಬೇಕು. ಹೀಗಾಗಿ ಇದನ್ನು ಎಲ್ಲರೂ ಬೆಳೆಯುವುದಿಲ್ಲ. ಮಾರುಕಟ್ಟೆಯಲ್ಲಿ ಬೆಲೆಯೂ ಹೆಚ್ಚು. ‘ಕಮಲಾಪುರ ಕೆಂಪು ಬಾಳೆ’ ಎಂಬ ಹೆಸರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅಂದರೆ ಬೇರೆ ಊರಿನ ಹಣ್ಣನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ. 2019ರಲ್ಲಿ ಕಲಬುರಗಿಯ ತೊಗರಿ ಬೇಳೆಗೂ ಇದೇ ಮಾನ್ಯತೆ ದೊರೆಯಿತು.

ಚಾನೆಲ್ ಬೆಳೆಸುವ ಹುಡುಗನಿಗೆ ಈ ತೋಟದಲ್ಲಿ ಎರಡು ಪಾಠಗಳಿವೆ. ಒಂದು, ನಿಧಾನದ್ದು. ಮೂರು ತಿಂಗಳಲ್ಲಿ ಫಲ ಬರಲಿಲ್ಲವೆಂದು ಬಾಳೆಯ ಬುಡ ಕಿತ್ತು ನೋಡುವ ರೈತನಿಲ್ಲ. ಇನ್ನೊಂದು, ಹೆಸರಿನದು. ತನ್ನ ನೆಲದ ಗುಣ ಹೊತ್ತ ಮಾಲಿಗೆ ರಕ್ಷಣೆ ಇದೆ, ಕದ್ದ ಮಾಲಿಗಿಲ್ಲ. ವಿಡಿಯೊದ ಹಿಂದೆ ಸಿನಿಮಾ ಹಾಡು ಹಾಕಿದರೆ ಹಕ್ಕುದಾರರನ್ನು ಯೂಟ್ಯೂಬಿನ ಯಂತ್ರವೇ ಪತ್ತೆ ಹಚ್ಚುತ್ತದೆ. ಆ ವಿಡಿಯೊದ ಗಳಿಕೆ ಅವರ ಪಾಲಾಗಬಹುದು. ಹಕ್ಕುದಾರರು ದೂರು ಕೊಟ್ಟು ‘ಕಾಪಿರೈಟ್ ಸ್ಟ್ರೈಕ್’ ಬಿದ್ದು, 90 ದಿನಗಳೊಳಗೆ ಮೂರಾದರೆ ಚಾನೆಲ್ಲೇ ಹೋಗುತ್ತದೆ. ವರ್ಷಗಟ್ಟಲೆ ಮಾಡಿದ್ದು ಮೂರು ಹಾಡಿಗೆ ಹೋಗುವುದೆಂದರೆ ಎಂಥ ನಷ್ಟ!

ಎಲ್ಲ ಸರಿಯಾಗಿ ನಡೆದು ಚಾನೆಲ್ಲಿಗೆ ಜಾಹೀರಾತು ಬಂದರೆ ಅದರ ಆದಾಯದಲ್ಲಿ ಮಾಮೂಲಿ ವಿಡಿಯೊಗಳಿಗೆ ಶೇ 55, ಶಾರ್ಟ್ಸ್‌ಗೆ ಶೇ 45ರಷ್ಟು ಪಾಲು ಮಾಡಿದವನಿಗೆ. ಲೆಕ್ಕದಲ್ಲಿ 10 ಡಾಲರ್ ಆದಾಗ ವಿಳಾಸ ಖಚಿತಪಡಿಸಿಕೊಳ್ಳಲು ಗೂಗಲ್ ಒಂದು ಪಿನ್ ಸಂಖ್ಯೆಯನ್ನು ಅಂಚೆಯಲ್ಲಿ ಕಳಿಸುತ್ತದೆ. ಜಗತ್ತೆಲ್ಲ ಮಿಂಚಿನ ವೇಗದಲ್ಲಿ ಓಡುತ್ತಿರುವಾಗ ಈ ಕಾಗದ ಮಾತ್ರ ನಮ್ಮ ಅಂಚೆಯಣ್ಣನ ಕೈಯಿಂದಲೇ ಬರಬೇಕು! ಅದು ತಲುಪಲು ವಾರಗಳೇ ಹಿಡಿಯುತ್ತವೆ. ಮನೆ ನಂಬರು, ಓಣಿಯ ಹೆಸರು ಸರಿಯಾಗಿ ಬರೆಯದವರ ಕಾಗದ ದಾರಿ ತಪ್ಪುತ್ತದೆ. ಬಳಿಕ 100 ಡಾಲರ್, ಎಂದರೆ ಎಂಟು ಸಾವಿರ ರೂಪಾಯಿಗೂ ಹೆಚ್ಚು, ಕೂಡಿದ ಮೇಲೆಯೇ ಹಣ ಬ್ಯಾಂಕಿಗೆ. ಸಣ್ಣ ಚಾನೆಲ್ಲಿಗೆ ಆ ನೂರು ಕೂಡಲು ತಿಂಗಳುಗಳೇ ಬೇಕಾಗಬಹುದು. ಹದಿನೆಂಟು ತುಂಬದವರ ಹಣದ ಖಾತೆ ತಂದೆತಾಯಿಯ ಹೆಸರಿನಲ್ಲೇ ಇರಬೇಕು. ಹೀಗೆ, ಅಪ್ಪನಿಗೆ ತಿಳಿಸದೆ ಆರಂಭಿಸಿದ್ದು ಕೊನೆಗೆ ಅಪ್ಪನ ಸಹಿಗೇ ಬಂದು ನಿಲ್ಲುತ್ತದೆ. ಮೊದಲೇ ತಿಳಿಸಿದ್ದರೆ ಎಷ್ಟು ಚೆನ್ನಾಗಿತ್ತು!

ಮನೆಯೊಳಗಿನ ಮಾತು

ಪೋಷಕರ ಆತಂಕ ಸುಳ್ಳಲ್ಲ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ 42.43, ರಾಜ್ಯದಲ್ಲಿ ಕೊನೆಯ ಸ್ಥಾನ. ಇದಕ್ಕೆಲ್ಲ ಮೊಬೈಲೇ ಕಾರಣವೆಂದು ಹೇಳುವುದು ಅನ್ಯಾಯ. ಆದರೆ ನೂರರಲ್ಲಿ ಐವತ್ತೇಳಕ್ಕೂ ಹೆಚ್ಚು ಮಕ್ಕಳು ಮೊದಲ ಯತ್ನದಲ್ಲಿ ತೇರ್ಗಡೆಯಾಗದ ಜಿಲ್ಲೆಯಲ್ಲಿ, ಹತ್ತನೆಯ ತರಗತಿಯ ಹುಡುಗ ರಾತ್ರಿ ಹನ್ನೊಂದರವರೆಗೆ ಲೈವ್ ಕುಳಿತರೆ ಅವ್ವನ ಎದೆ ಡವಗುಟ್ಟುವುದು ಸಹಜ. ಪಾಸಾದರೆ ಕಾಲೇಜು, ಐಟಿಐ, ಪಾಲಿಟೆಕ್ನಿಕ್ ಹೀಗೆ ಬಾಗಿಲುಗಳು ಹಲವು. ಚಾನೆಲ್ ಇವತ್ತಲ್ಲ ನಾಳೆ ತೆರೆಯಬಹುದು. ಪರೀಕ್ಷೆಯ ದಿನಾಂಕ ಕಾಯುವುದಿಲ್ಲ.

ಆಟ ಬದುಕನ್ನೇ ನುಂಗುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ತನ್ನ ಹೊಸ ಪಟ್ಟಿಯಲ್ಲಿ ಸೇರಿಸಿದೆ. ಆ ಪಟ್ಟಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಹೆಚ್ಚು ಆಡುವವರೆಲ್ಲ ರೋಗಿಗಳೆಂದು ಇದರ ಅರ್ಥವಲ್ಲ. ಆಟದ ಮೇಲೆ ಹಿಡಿತ ತಪ್ಪಿ, ಊಟ, ನಿದ್ದೆ, ಓದು, ಗೆಳೆತನ ಎಲ್ಲಕ್ಕಿಂತ ಅದೇ ಮೇಲಾಗಿ, ಕೆಡುಕು ಕಂಡರೂ ಬಿಡಲಾಗದೆ ಬಹುಕಾಲ ಮುಂದುವರಿದರೆ ವೈದ್ಯರನ್ನು ಕಾಣಬೇಕು. ಚಾನೆಲ್ ನಡೆಸುವವನಿಗೆ ಇಲ್ಲಿ ಇನ್ನೂ ಒಂದು ಬಲೆ ಇದೆ. ‘ನಾನು ಆಡ್ಲತ್ತಿಲ್ಲ, ಕೆಲಸ ಮಾಡ್ಲತ್ತೀನಿ’ ಎಂಬ ನೆಪ ಅವನಿಗೆ ಸುಲಭವಾಗಿ ಸಿಗುತ್ತದೆ.

ಹಣದ ಬಲೆ ಇದಕ್ಕಿಂತ ಕೆಟ್ಟದ್ದು. ಸ್ವಲ್ಪ ಹೆಸರು ಬರುತ್ತಿದ್ದಂತೆ ಹಣ ಕಟ್ಟಿ ಆಡುವ ಆಟಗಳನ್ನು ಹೊಗಳಿ ವಿಡಿಯೊ ಮಾಡಲು ಕರೆ ಬರಬಹುದು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುತ್ತದೆ. ಅವುಗಳ ಜಾಹೀರಾತು ಮಾಡಿದವರಿಗೂ 2 ವರ್ಷಗಳವರೆಗೆ ಸೆರೆ, 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಡುತ್ತದೆ. ಅದೇ ಕಾಯ್ದೆ ಇ–ಸ್ಪೋರ್ಟ್ಸ್ ಎಂಬ ಸ್ಪರ್ಧಾತ್ಮಕ ಆಟಗಳನ್ನು ಮಾನ್ಯ ಮಾಡಿದೆ. ಆಟ ಬೇರೆ, ಜೂಜು ಬೇರೆ ಎಂಬ ಗೆರೆಯನ್ನು ಮಕ್ಕಳಿಗೆ ಮನೆಯಲ್ಲೇ ತೋರಿಸಬೇಕು.

ಹಾಗೆಂದು ಮೊಬೈಲು ಕಸಿದು ಕಪಾಟಿನಲ್ಲಿಟ್ಟರೆ ಎಲ್ಲ ಮುಗಿಯಿತೇ? ಗೆಳೆಯನ ಮೊಬೈಲಿನಲ್ಲಿ ಅದೇ ಮುಂದುವರಿಯುತ್ತದೆ. ಈ ಸಲ ಕದ್ದು. ಅದಕ್ಕಿಂತ ಅಪ್ಪ ಒಮ್ಮೆ ಪಕ್ಕದಲ್ಲಿ ಕುಳಿತು ‘ತೋರ್ಸಪ್ಪ, ಏನ್ ಮಾಡಿದಿ ನೋಡೋಣ’ ಎಂದು ಕೇಳುವುದು ಲೇಸು. ಯೂಟ್ಯೂಬಿನ ನಿಯಮವೂ ಪೋಷಕರ ನೆರವಿಗಿದೆ: 2025ರ ಜುಲೈ 22ರಿಂದ 16 ವರ್ಷ ತುಂಬದವರು ದೊಡ್ಡವರ ಜತೆಯಿಲ್ಲದೆ ಲೈವ್ ಮಾಡುವಂತಿಲ್ಲ. ವಾರಕ್ಕೆ ಒಂದು ವಿಡಿಯೊ, ಪರೀಕ್ಷೆಗೆ ಮುಂಚಿನ ಮೂರು ತಿಂಗಳು ರಜೆ, ಸಾಲ ಮಾಡಿ ದುಬಾರಿ ಮೊಬೈಲು ಕೊಳ್ಳುವುದಿಲ್ಲ, ಮುಖ ಮತ್ತು ಮನೆಯ ವಿಳಾಸ ತೋರಿಸುವುದಿಲ್ಲ. ಇಂಥ ನಾಲ್ಕು ಮಾತು ಇಬ್ಬರೂ ಒಪ್ಪಿ ಬರೆದಿಟ್ಟುಕೊಂಡರೆ ಜಗಳದ ಅರ್ಧ ತಗ್ಗುತ್ತದೆ.

ಇನ್ನು ಹೆಣ್ಣುಮಕ್ಕಳು. ಮೊಬೈಲು ಅಣ್ಣನ ಕೈಯಲ್ಲಿ, ಕೆಲಸ ತಂಗಿಯ ಕೈಯಲ್ಲಿ ಎಂಬುದು ಹಲವು ಮನೆಗಳ ಪದ್ಧತಿ. ಚಾನೆಲ್ಲಿನ ಕನಸು ಅಣ್ಣನಿಗೆ ಸಲ್ಲುವುದಾದರೆ ಅದೇ ಕಟ್ಟಳೆಯಲ್ಲಿ ತಂಗಿಗೂ ಸಲ್ಲಬೇಕು.

ಉಳಿಯುವುದು ಏನು?

ತೆರೆದ ಚಾನೆಲ್ಲುಗಳೆಲ್ಲ ಬೆಳೆಯುವುದಿಲ್ಲ. ಲಕ್ಷ ಚಂದಾದಾರರಾದವರಿಗೆ ಯೂಟ್ಯೂಬ್ ಕೊಡುವ ಬೆಳ್ಳಿಯ ಫಲಕ ಗೋಡೆಗೆ ತೂಗುವವರು ವಿರಳ. ಕಮಲಾಪುರದ ನಮ್ಮ ಕಲ್ಪನೆಯ ಹುಡುಗನೂ ಎರಡು ವರ್ಷದ ಮೇಲೆ ಆರುನೂರು ಚಂದಾದಾರರಲ್ಲೇ ನಿಂತಿರಬಹುದು. ಹಾಗಾದರೆ ಅವನ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ?

ಮಾಡಿದ್ದು ಹೇಗೆ ಎಂಬುದರ ಮೇಲೆ ಉತ್ತರ ನಿಂತಿದೆ. ಸುಮ್ಮನೆ ಆಡಿ ಏರಿಸಿದ್ದರೆ ಉಳಿದದ್ದು ಕಣ್ಣುರಿ. ಒಂದು ಗಂಟೆಯ ಆಟವನ್ನು ಎಂಟು ನಿಮಿಷಕ್ಕೆ ಕತ್ತರಿಸಲು ಕಲಿತಿದ್ದರೆ, ಮೈಕಿನ ಮುಂದೆ ತಡವರಿಸದೆ ಮಾತನಾಡಲು ಬಂದಿದ್ದರೆ, ಯಾವ ನಿಮಿಷದಲ್ಲಿ ಜನ ಎದ್ದು ಹೋದರೆಂಬ ಲೆಕ್ಕ ಓದಿ ತಿದ್ದಿಕೊಂಡಿದ್ದರೆ, ಅದು ಕೈಕಸುಬು. ಮದುವೆಯ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊಗಳು ಕಲಬುರಗಿಯಲ್ಲಿ ಕಡಿಮೆಯೇನಿಲ್ಲ; ಚುನಾವಣೆಯಿಂದ ಜಾತ್ರೆಯವರೆಗೆ ಇಂದು ಎಲ್ಲಕ್ಕೂ ವಿಡಿಯೊ ಬೇಕು. ಆಟದ ಚಾನೆಲ್ಲಿಗೇ ಹೊಸ ದಾರಿಯೂ ಉಂಟು. ಬಹಮನಿ ಕೋಟೆಯ ಬುರುಜು ತೋರಿಸಿ, ಶತ್ರು ಯಾವ ಕಡೆಯಿಂದ ಬರುತ್ತಿದ್ದ, ಕಂದಕ ಏಕೆ ತೋಡಿದರು ಎಂದು ಆಟದ ಮಾತಿನಲ್ಲೇ ವಿವರಿಸುವ ಹುಡುಗನಿಗೆ ಎದುರಾಳಿಗಳು ಎಷ್ಟು ಮಂದಿ ಇದ್ದಾರು? ಆ ನಕ್ಷೆಯನ್ನು ಯಾವ ಕಂಪನಿಯೂ ಹಿಂದಕ್ಕೆ ಪಡೆಯುವಂತಿಲ್ಲ.

ಕಲಬುರಗಿಗೆ ಹೋದವರು ಕೋಟೆ ನೋಡಿ, ಖ್ವಾಜಾ ಬಂದೇ ನವಾಜರ ದರ್ಗಾ, ಶರಣಬಸವೇಶ್ವರ ಗುಡಿ, ಬುದ್ಧ ವಿಹಾರ ನೋಡಿ, ಬಿಡುವಿದ್ದರೆ ಕಮಲಾಪುರದವರೆಗೂ ಹೋಗಿ ಬನ್ನಿ. ಮಕ್ಕಳು ಜತೆಗಿದ್ದರೆ ಇನ್ನೂ ಒಳ್ಳೆಯದು. ಕೆಂಪು ಬಾಳೆಯ ಒಂದು ಚಿಪ್ಪು ಕೊಂಡು, ಇದು ಮಾಗಲು ಎಷ್ಟು ದಿನ ಹಿಡಿಯಿತೆಂದು ಬೆಳೆದವರನ್ನೇ ಕೇಳಿ. ಮಗ ಚಾನೆಲ್ ತೆರೆಯುತ್ತೇನೆಂದು ಹಟ ಹಿಡಿದಿದ್ದರೆ ಅವನಿಗೂ ಆ ಉತ್ತರ ಕೇಳಿಸಲಿ. ಬೇಡವೆಂದು ಅಪ್ಪ ಹಟ ಹಿಡಿದಿದ್ದರೆ ಅವರಿಗೂ ಕೇಳಿಸಲಿ.